ಹುಬ್ಬಳ್ಳಿ-ಧಾರವಾಡದ ಬಿಸಿ ಅಳೆಯಲು ಯಾವ ಉಪಗ್ರಹದ ಚಿತ್ರ?

ಅವಳಿ ನಗರ ಬೆಳೆದ ಹಾಗೆ ಇಲ್ಲಿನ ಹವೆ ಹೇಗೆ ಬದಲಾಗಿದೆ ಎಂಬುದನ್ನು ಉಪಗ್ರಹ ಚಿತ್ರಗಳಿಂದ ಅರಿಯಲು ಹೊರಡುವವರು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತಾರೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ತೆಗೆದ ಏಪ್ರಿಲ್ ತಿಂಗಳ ಒಂದು ಚಿತ್ರ, ಇಪ್ಪತ್ತು ವರ್ಷ ಹಿಂದಿನ ಇನ್ನೊಂದು ಏಪ್ರಿಲ್ ಚಿತ್ರ, ಎರಡನ್ನೂ ಕೆಂಪು-ಹಳದಿ ಬಣ್ಣದಲ್ಲಿ ಅಕ್ಕಪಕ್ಕ ಇಟ್ಟು ವರದಿ ಬರೆಯುತ್ತಾರೆ. ಏಪ್ರಿಲ್ ಆರಿಸುವುದಕ್ಕೆ ಕಾರಣವೂ ಇದೆ: ಆಕಾಶ ಶುಭ್ರವಾಗಿರುತ್ತದೆ, ಬಿಸಿಲು ಜೋರಾಗಿರುತ್ತದೆ. ಆದರೆ ನಕಾಶೆ ತೆರೆದಾಗ ಕಾಣುವುದು ಅವರು ನಿರೀಕ್ಷಿಸಿದ್ದಲ್ಲ. ಕಡುಗೆಂಪು ಬಣ್ಣ ದುರ್ಗದಬೈಲಿನಲ್ಲೂ ಇಲ್ಲ, ಗೋಕುಲ ರಸ್ತೆಯಲ್ಲೂ ಇಲ್ಲ. ಕುಂದಗೋಳ, ಅಣ್ಣಿಗೇರಿ ಕಡೆಯ ಬರಿದಾದ ಎರೆಹೊಲಗಳಲ್ಲಿದೆ. ಊರು ಹೊಲಕ್ಕಿಂತ ತಂಪಾಗಿ ಕಾಣುತ್ತದೆ.

ಚಿತ್ರ ಸರಿಯಾಗಿಯೇ ಇದೆ, ಲೆಕ್ಕವೂ ಸರಿಯಾಗಿಯೇ ಇದೆ. ಕೇಳಿದ ಪ್ರಶ್ನೆಗೂ ಆರಿಸಿದ ಹೊತ್ತಿಗೂ ಹೊಂದಿಕೆಯಾಗಿಲ್ಲ, ಅಷ್ಟೆ. ಆದ್ದರಿಂದ ಈ ಹೋಲಿಕೆಯಲ್ಲಿ ಉಪಗ್ರಹಗಳ ಗುಣಾವಗುಣಗಳಿಗಿಂತ ಮೊದಲು ಹೊತ್ತಿನ ಮಾತು ಬರಬೇಕು.

ಹಗಲೋ, ರಾತ್ರಿಯೋ

ಹಿಂಗಾರಿ ಬೆಳೆ ಕೊಯ್ಲಾದ ಮೇಲೆ ಮುಂಗಾರಿನ ಬಿತ್ತನೆಯವರೆಗೆ ಎರೆಹೊಲ ಖಾಲಿ ಬಿದ್ದಿರುತ್ತದೆ. ಕಪ್ಪು ಮಣ್ಣು ಬಿಸಿಲನ್ನು ಚೆನ್ನಾಗಿ ಹೀರುತ್ತದೆ. ತೇವ ಆರಿಹೋಗಿರುವುದರಿಂದ ನೀರು ಆವಿಯಾಗಿ ನೆಲ ತಣಿಯುವ ದಾರಿ ಮುಚ್ಚಿರುತ್ತದೆ. ಒಣಗಿ ಬಿರುಕುಬಿಟ್ಟ ಮಣ್ಣಿನಲ್ಲಿ ಬಿಸಿ ಆಳಕ್ಕೂ ಇಳಿಯುವುದಿಲ್ಲ. ಎಲ್ಲ ಶಾಖವೂ ಮೇಲ್ಪದರದಲ್ಲೇ ನಿಂತು, ಬೇಸಿಗೆಯ ಮಧ್ಯಾಹ್ನ ಆ ಪದರ ಗಾಳಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಕಾಯುತ್ತದೆ. ಊರಿನಲ್ಲಿ ಗೋಡೆಗಳ ನೆರಳಿದೆ, ಅಂಗಳದಲ್ಲಿ ಬೇವಿನ ಮರವಿದೆ, ಕಾಂಕ್ರೀಟ್ ಬಿಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಲೆಕ್ಕ ತಿರುಗುತ್ತದೆ. ಹೊಲ ಬೇಗ ತಣಿಯುತ್ತದೆ. ಊರಿನ ಗೋಡೆ, ತಾರಸಿ, ಡಾಂಬರು ಹಗಲಿಡೀ ಕೂಡಿಟ್ಟ ಬಿಸಿಯನ್ನು ಬೆಳಗಿನ ಜಾವದವರೆಗೂ ಬಿಡುತ್ತಲೇ ಇರುತ್ತವೆ. ಭಾರತದ ಒಣ ಮತ್ತು ಅರೆ ಒಣ ಭಾಗದ ಅನೇಕ ನಗರಗಳಲ್ಲಿ ಸಂಶೋಧಕರು ಇದನ್ನೇ ಕಂಡಿದ್ದಾರೆ: ಬೇಸಿಗೆಯ ಹಗಲಿನಲ್ಲಿ ಊರು ಸುತ್ತಲಿನ ನೆಲಕ್ಕಿಂತ ತಂಪು, ರಾತ್ರಿ ಬಿಸಿ.

ಹಿಂಗಾರಿ ಜೋಳ, ಕಡಲೆ, ಕುಸುಬೆ ಹಸಿರಾಗಿ ನಿಂತಿರುವ ಡಿಸೆಂಬರ್ ಹೊತ್ತಿಗೆ ಹಗಲಿನ ಚಿತ್ರವೂ ಮಗುಚಿಕೊಳ್ಳುತ್ತದೆ, ಹೊಲ ತಂಪಾಗಿ ಊರು ಬಿಸಿಯಾಗುತ್ತದೆ. ಹಾಗಾಗಿ ನಮ್ಮ ಭಾಗದಲ್ಲಿ ಹಗಲಿನ ಅಂತರ ಕೂಡುವುದೋ ಕಳೆಯುವುದೋ ಎಂಬುದನ್ನು ಊರಿಗಿಂತ ಹೆಚ್ಚಾಗಿ ರೈತನ ಬಿತ್ತನೆ-ಕೊಯ್ಲಿನ ಲೆಕ್ಕವೇ ನಿರ್ಧರಿಸುತ್ತದೆ. ನಗರದ ಬೆಳವಣಿಗೆಯ ಪರಿಣಾಮ ಮಾತ್ರ ಬೇಕೆಂದರೆ ರಾತ್ರಿಯ ಚಿತ್ರವನ್ನೇ ನಂಬಬೇಕು. ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಗಳಲ್ಲಿ ಈ ಪರಿಣಾಮ ಎದ್ದು ಕಾಣುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಉಪಗ್ರಹ ಅಳೆಯುವುದು ಮೇಲ್ಮೈಯ ಬಿಸಿಯನ್ನು. ಹವಾಮಾನ ಕೇಂದ್ರ ಹೇಳುವುದು ಗಾಳಿಯ ಬಿಸಿಯನ್ನು. ರೊಟ್ಟಿ ಬೇಯಿಸುವ ಹಂಚಿನ ಬಿಸಿಯೇ ಬೇರೆ, ಒಲೆಯ ಪಕ್ಕ ಕುಳಿತವರಿಗೆ ತಾಗುವ ಬಿಸಿಯೇ ಬೇರೆ. ನಕಾಶೆಯಲ್ಲಿ 46 ಡಿಗ್ರಿ ಕಂಡ ಕೂಡಲೇ ‘ನಗರದಲ್ಲಿ 46 ಡಿಗ್ರಿ ತಾಪಮಾನ’ ಎಂದು ಶೀರ್ಷಿಕೆ ಕೊಟ್ಟರೆ ಓದುಗರಿಗೆ ಸುಳ್ಳು ಹೇಳಿದಂತಾಗುತ್ತದೆ.

ಲ್ಯಾಂಡ್‌ಸ್ಯಾಟ್: ಬಡಾವಣೆಗಳ ಹೋಲಿಕೆಗೆ, ಹಳೆಯ ಕಾಲದ ನೆನಪಿಗೆ

ಪ್ರಶ್ನೆ ಊರಿನ ಒಳಗಿನದಾದರೆ, ಅಂದರೆ ಕೇಶ್ವಾಪುರಕ್ಕೂ ಹಳೇ ಹುಬ್ಬಳ್ಳಿಗೂ ಎಷ್ಟು ವ್ಯತ್ಯಾಸ, ಕರ್ನಾಟಕ ವಿಶ್ವವಿದ್ಯಾಲಯದ ಮರಗಳ ಆವರಣ ತನ್ನ ಸುತ್ತಲಿಗಿಂತ ಎಷ್ಟು ತಂಪು ಎಂಬಂಥ ಪ್ರಶ್ನೆಗಳಾದರೆ, ಲ್ಯಾಂಡ್‌ಸ್ಯಾಟ್‌ಗೆ ಸರಿಸಾಟಿ ಇಲ್ಲ. ಲ್ಯಾಂಡ್‌ಸ್ಯಾಟ್ 5 ಆಕಾಶಕ್ಕೆ ಏರಿದ್ದು 1984ರಲ್ಲಿ, 7 ಏರಿದ್ದು 1999ರಲ್ಲಿ, 8 ಏರಿದ್ದು 2013ರಲ್ಲಿ, 9 ಏರಿದ್ದು 2021ರಲ್ಲಿ. ಶಾಖ ಅಳೆಯುವ ಪಟ್ಟಿ (ಬ್ಯಾಂಡ್) ಈ ನಾಲ್ಕರಲ್ಲೂ ಇದೆ. 2008ರಿಂದ ಎಲ್ಲ ಚಿತ್ರಗಳೂ ಉಚಿತ. ಒಂದು ಉಪಗ್ರಹ ಹದಿನಾರು ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ; 8 ಮತ್ತು 9 ಸೇರಿದರೆ ಎಂಟು ದಿನಕ್ಕೊಂದು ಚಿತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದನ್ನು ಮೋಡದ ಲೆಕ್ಕಕ್ಕೆ ಬಿಟ್ಟುಬಿಡಿ. ಉಳಿದ ಎಂಟು ತಿಂಗಳಲ್ಲಿ ಮೂವತ್ತರಷ್ಟು ಅವಕಾಶಗಳು ಸಿಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಮೋಡ ಅಡ್ಡ ಬರುತ್ತದೆ, ಆದರೂ ಕೆಲಸಕ್ಕೆ ಸಾಲುವಷ್ಟು ಉಳಿಯುತ್ತವೆ.

ಇಲ್ಲಿ ಎಲ್ಲರೂ ಎಡವುವ ಜಾಗ ಪಿಕ್ಸೆಲ್‌ನ, ಅಂದರೆ ಚಿತ್ರದ ಒಂದೊಂದು ಚೌಕದ, ಅಳತೆ. ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಮೇಲ್ಮೈ ತಾಪಮಾನದ ಕಡತ 30 ಮೀಟರ್ ಚೌಕಗಳಲ್ಲಿ ಬರುತ್ತದೆ. ಆದರೆ ಉಪಕರಣ ನಿಜವಾಗಿ ನೋಡಿದ್ದು 100 ಮೀಟರ್ ಚೌಕವನ್ನು. ಅದನ್ನೇ ಸಣ್ಣದಾಗಿ ಕತ್ತರಿಸಿ ಕೊಟ್ಟಿರುತ್ತಾರೆ. ನೂರು ಮೀಟರ್ ಚೌಕ ಎಂದರೆ ಒಂದು ಹೆಕ್ಟೇರ್. ರಸ್ತೆಗೆ ಜಾಗ ಬಿಡದೆ ಅಳೆದರೆ ಮೂವತ್ತು-ನಲವತ್ತರ ಸೈಟುಗಳು ಅದರಲ್ಲಿ ತೊಂಬತ್ತು ಕೂರುತ್ತವೆ. ಅಷ್ಟೂ ಮನೆ, ಅವುಗಳ ನಡುವಿನ ಓಣಿ, ಮೂಲೆಯ ಹುಣಸೆಮರ ಎಲ್ಲ ಸೇರಿ ಒಂದೇ ಸಂಖ್ಯೆ. ಲ್ಯಾಂಡ್‌ಸ್ಯಾಟ್ 5ರಲ್ಲಿ ಈ ಚೌಕ 120 ಮೀಟರ್, 7ರಲ್ಲಿ 60 ಮೀಟರ್. ಹೀಗಿರುವಾಗ ಚಿಗರಿ ಬಸ್ಸಿಗೆಂದೇ ಮೀಸಲಾದ ಬಿಆರ್‌ಟಿಎಸ್ ರಸ್ತೆಗಾಗಿ ಮರ ಕಡಿದದ್ದರಿಂದ ಆ ರಸ್ತೆಯಷ್ಟೇ ಎಷ್ಟು ಬಿಸಿಯಾಯಿತು ಎಂದು ಲ್ಯಾಂಡ್‌ಸ್ಯಾಟ್ ಶಾಖಪಟ್ಟಿಯನ್ನು ಕೇಳಬಾರದು. ರಸ್ತೆಯ ಅಗಲ ಒಂದು ಪಿಕ್ಸೆಲ್‌ನ ಅರ್ಧವನ್ನೂ ತುಂಬುವುದಿಲ್ಲ. ಮರ ಹೋದದ್ದನ್ನು ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳಲ್ಲಿ ಎಣಿಸಬಹುದು, ಬಿಸಿಯನ್ನು ನೆಲದ ಮೇಲೆ ನಿಂತು ಅಳೆಯಬೇಕು. ಈ ಪ್ರಶ್ನೆ ಮುಖ್ಯವಾದದ್ದು. ಮುಖ್ಯವಾದದ್ದು ಎಂಬ ಕಾರಣಕ್ಕೇ ಅದನ್ನು ತಪ್ಪು ಉಪಕರಣದಿಂದ ಅಳೆದು ಹಗುರಮಾಡಬಾರದು.

ಲ್ಯಾಂಡ್‌ಸ್ಯಾಟ್ ನಮ್ಮ ಮೇಲೆ ಹಾಯುವುದು ನಮ್ಮ ಗಡಿಯಾರದ ಹತ್ತೂವರೆ-ಹನ್ನೊಂದರ ಸುಮಾರಿಗೆ. ಬಿಸಿಲು ಏರುತ್ತಿರುವ ಹೊತ್ತು ಅದು. ರಾತ್ರಿಯ ಚಿತ್ರಗಳು ತೀರ ವಿರಳ. ಊರು ಮತ್ತು ಹೊಲದ ಹೋಲಿಕೆಗೆ ಇದು ಸಲ್ಲುವುದಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಬಳಸುವವರಿಗೆ ಕೆಲವು ಸೂಚನೆಗಳು. ಕಲೆಕ್ಷನ್ 2, ಎರಡನೆಯ ಹಂತದ (ಲೆವೆಲ್ 2) ಕಡತವನ್ನೇ ಇಳಿಸಿಕೊಳ್ಳಿ. ವಾತಾವರಣದ ತಿದ್ದುಪಡಿಯನ್ನು ಚಿತ್ರ ಒದಗಿಸುವವರೇ ಮಾಡಿಕೊಟ್ಟಿರುತ್ತಾರೆ. ಪಿಕ್ಸೆಲ್‌ನ ಸಂಖ್ಯೆಯನ್ನು 0.00341802ರಿಂದ ಗುಣಿಸಿ 149 ಕೂಡಿಸಿದರೆ ಕೆಲ್ವಿನ್, ಅದರಲ್ಲಿ 273.15 ಕಳೆದರೆ ಸೆಲ್ಸಿಯಸ್. 2003ರ ಮೇ 31ರ ನಂತರ ಲ್ಯಾಂಡ್‌ಸ್ಯಾಟ್ 7ರ ಚಿತ್ರಗಳಲ್ಲಿ ಪಟ್ಟಿಪಟ್ಟಿಯಾಗಿ ದತ್ತಾಂಶ ಕಾಣೆಯಾಗಿದೆ. 2011ರವರೆಗೆ ಲ್ಯಾಂಡ್‌ಸ್ಯಾಟ್ 5 ಸಿಕ್ಕರೆ ಅದನ್ನೇ ಹಿಡಿಯಿರಿ. ತಾರಿಹಾಳ, ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶಗಳಲ್ಲಿ ತಗಡಿನ ಶೆಡ್ಡುಗಳು ಇದ್ದಕ್ಕಿಂತ ತಂಪಾಗಿ ಕಂಡರೆ ಅಚ್ಚರಿಪಡಬೇಡಿ. ಹೊಳೆಯುವ ಲೋಹ ಶಾಖವನ್ನು ಕಡಿಮೆ ಹೊರಸೂಸುತ್ತದೆ, ಉಪಗ್ರಹ ಅದನ್ನು ತಂಪು ಎಂದು ಓದುತ್ತದೆ. ಒಳಗೆ ಕೆಲಸ ಮಾಡುವವರಿಗೆ ಗೊತ್ತು ಅಲ್ಲಿ ಎಷ್ಟು ತಂಪಿದೆ ಎಂದು.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ದಿನಕ್ಕೆ ಇನ್ನೊಂದು ದಿನವನ್ನು ಹೋಲಿಸಬೇಡಿ. ಒಂದು ವರ್ಷ ಚಿತ್ರ ತೆಗೆಯುವ ಎರಡು ದಿನ ಮೊದಲು ಅಶ್ವಿನಿ ಮಳೆ ಬಿದ್ದು ನೆಲ ನೆನೆದಿದ್ದರೆ, ಇನ್ನೊಂದು ವರ್ಷ ಒಣಗಿದ್ದರೆ, ನಿಮಗೆ ಸಿಗುವುದು ಮಳೆಯ ವ್ಯತ್ಯಾಸವೇ ಹೊರತು ನಗರದ್ದಲ್ಲ. ಮೂರು-ನಾಲ್ಕು ವರ್ಷದ ಒಂದೇ ಋತುವಿನ ಎಲ್ಲ ಶುಭ್ರ ಚಿತ್ರಗಳ ಮಧ್ಯಮಾಂಕ (ಮೀಡಿಯನ್) ತೆಗೆಯಿರಿ. ಆಮೇಲೆ ಬಡಾವಣೆಯ ನೇರ ತಾಪಮಾನಕ್ಕೆ ಬದಲು, ಇಡೀ ನಗರದ ಸರಾಸರಿಗಿಂತ ಅದು ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದನ್ನು ಕಾಲದಿಂದ ಕಾಲಕ್ಕೆ ಹೋಲಿಸಿ.

ಮೋಡಿಸ್ ಮತ್ತು ವಿಐಐಆರ್‌ಎಸ್: ಒರಟು ಕಣ್ಣು, ಆದರೆ ರಾತ್ರಿ ಎಚ್ಚರ

ಮೋಡಿಸ್ ಎಂಬ ಉಪಕರಣ 1999ರ ಕೊನೆಯಲ್ಲಿ ಹಾರಿದ ಟೆರಾ ಮತ್ತು 2002ರಲ್ಲಿ ಹಾರಿದ ಅಕ್ವಾ ಉಪಗ್ರಹಗಳಲ್ಲಿದೆ. ಎರಡೂ ಸೇರಿ ದಿನಕ್ಕೆ ನಾಲ್ಕು ಬಾರಿ ನೋಡಿವೆ: ಸ್ಥಳೀಯ ಸೂರ್ಯಮಾನದಲ್ಲಿ ಹಗಲು ಮತ್ತು ರಾತ್ರಿಯ ಹತ್ತೂವರೆಗೆ ಟೆರಾ, ಒಂದೂವರೆಗೆ ಅಕ್ವಾ. ನಮ್ಮ ಗಡಿಯಾರಕ್ಕೆ ಇದನ್ನು ಅರ್ಧ ಗಂಟೆ ಮುಂದಕ್ಕೆ ಹಾಕಬೇಕು. ನಾವಿರುವುದು 75 ಡಿಗ್ರಿ ರೇಖಾಂಶದ ಬಳಿ, ದೇಶದ ಸಮಯ ನಿಗದಿಯಾಗಿರುವುದು 82.5 ಡಿಗ್ರಿಯಲ್ಲಿ. ಅಕ್ವಾದ ರಾತ್ರಿಯ ನೋಟ ಎಂದರೆ ಹುಬ್ಬಳ್ಳಿಯ ಗಡಿಯಾರದಲ್ಲಿ ಎರಡು ಗಂಟೆ, ಹೊಲ ತಣಿದು ಊರು ಇನ್ನೂ ಬೆಚ್ಚಗಿರುವ ಹೊತ್ತು. ನಮಗೆ ಬೇಕಾದದ್ದೂ ಅದೇ.

ಬೆಲೆ ತೆರಬೇಕಾದದ್ದು ಪಿಕ್ಸೆಲ್‌ನಲ್ಲಿ. ಒಂದು ಚೌಕ ಒಂದು ಕಿಲೋಮೀಟರ್, ಅಂದರೆ ಸುಮಾರು 247 ಎಕರೆ. ಇನ್ನೂರು ಎಕರೆಯಷ್ಟಿರುವ ಉಣಕಲ್ ಕೆರೆ ಒಂದು ಪಿಕ್ಸೆಲ್ ಒಳಗೆ ಮುಳುಗಿಹೋಗುತ್ತದೆ. ಇದರಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ: ರಾತ್ರಿ ನೀರು ನೆಲಕ್ಕಿಂತ ಬೆಚ್ಚಗಿರುತ್ತದೆ. ಉಣಕಲ್ ಬಳಿಯ ಪಿಕ್ಸೆಲ್ ರಾತ್ರಿಯ ನಕಾಶೆಯಲ್ಲಿ ಕೆಂಪಾಗಿ ಕಂಡರೆ ಅದಕ್ಕೆ ಕಟ್ಟಡಗಳನ್ನು ದೂಷಿಸುವ ಮೊದಲು ಕೆರೆಯನ್ನು ನೆನೆಯಿರಿ. ಕೆರೆಗಳ ಪಿಕ್ಸೆಲ್‌ಗಳನ್ನು ಲೆಕ್ಕದಿಂದ ತೆಗೆದಿಡುವುದೇ ಒಳ್ಳೆಯದು. ಅವಳಿ ನಗರದ 82 ವಾರ್ಡುಗಳಿಗೆ ಮೋಡಿಸ್‌ನಿಂದ ಶ್ರೇಯಾಂಕ ಕೊಡುವ ಆಸೆಯನ್ನೂ ಬಿಡಬೇಕು. ಅವಳಿ ನಗರದ ವ್ಯಾಪ್ತಿ ಸುಮಾರು 200 ಚದರ ಕಿಲೋಮೀಟರ್. ಹಳೆಯ ಊರಿನ ಒತ್ತೊತ್ತಾದ ವಾರ್ಡುಗಳು ಒಂದು ಪಿಕ್ಸೆಲ್‌ಗಿಂತ ಚಿಕ್ಕವು.

ಆದರೆ ಅವಳಿ ನಗರಕ್ಕೆಂದೇ ಹುಟ್ಟಿದಂಥ ಒಂದು ಪ್ರಶ್ನೆಗೆ ಮೋಡಿಸ್ ಚೆನ್ನಾಗಿ ಉತ್ತರಿಸುತ್ತದೆ. ಹುಬ್ಬಳ್ಳಿಯ ಚನ್ನಮ್ಮ ವೃತ್ತದಿಂದ ಧಾರವಾಡದವರೆಗೆ ಇಪ್ಪತ್ತು ಕಿಲೋಮೀಟರಿನ ಗೆರೆ ಎಳೆಯಿರಿ. ವಿದ್ಯಾನಗರ, ಉಣಕಲ್, ನವನಗರ, ರಾಯಾಪುರ, ಸತ್ತೂರು ದಾಟಿ ಹೋಗುವ ಆ ಗೆರೆಯ ಮೇಲೆ ಇಪ್ಪತ್ತು ಪಿಕ್ಸೆಲ್‌ಗಳು ಬರುತ್ತವೆ. ಚಳಿಗಾಲದ ರಾತ್ರಿಗಳ ಸರಾಸರಿಯನ್ನು ಆ ಗೆರೆಯುದ್ದಕ್ಕೂ ಇಟ್ಟು ನೋಡಿದರೆ ಎರಡು ಊರುಗಳ ಜಾಗದಲ್ಲಿ ಎರಡು ಉಬ್ಬು ಇರಬೇಕು, ನಡುವೆ ತಗ್ಗು ಇರಬೇಕು. 2003ರಿಂದ ಐದೈದು ವರ್ಷದ ಸರಾಸರಿಗಳನ್ನು ಒಂದರ ಮೇಲೊಂದು ಬರೆದು, ನಡುವಿನ ತಗ್ಗು ತುಂಬುತ್ತಿದೆಯೇ ಎಂದು ನೋಡಿ. ಎರಡು ಊರುಗಳ ನಡುವಿನ ತೆರವು ಜಾಗಕ್ಕೆ ತಣಿಸುವ ಶಕ್ತಿ ಉಳಿದಿದೆಯೇ ಎಂಬುದು ನಗರ ಯೋಜನೆ ಮಾಡುವವರು ಕೇಳಲೇಬೇಕಾದ ಪ್ರಶ್ನೆ. ಒಂದು ರಾತ್ರಿಯ ಅಳತೆಯಲ್ಲಿ ಒಂದು ಡಿಗ್ರಿಯಷ್ಟು ದೋಷ ಇರಬಹುದು, ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ ಸಣ್ಣದಿರಬಹುದು. ಹಾಗಾಗಿ ಒಂದೊಂದು ರಾತ್ರಿಯನ್ನು ನೆಚ್ಚದೆ ಹತ್ತಾರು ರಾತ್ರಿಗಳ ಸರಾಸರಿ ತೆಗೆಯುವುದು ಅನಿವಾರ್ಯ. ಉಪಗ್ರಹ ಓರೆಯಾಗಿ ನೋಡಿದ ದಿನಗಳಲ್ಲಿ ಪಿಕ್ಸೆಲ್ ಹಿಗ್ಗಿರುತ್ತದೆ. ನೋಟದ ಕೋನದ ಪದರ ಕಡತದಲ್ಲೇ ಇದೆ, 35 ಡಿಗ್ರಿ ದಾಟಿದವನ್ನು ಬಿಟ್ಟುಬಿಡಿ.

2020ರ ಈಚೆಗೆ ಟೆರಾ, ಅಕ್ವಾ ಎರಡೂ ತಮ್ಮ ಹಳೆಯ ಕಕ್ಷೆಯಲ್ಲಿ ನಿಲ್ಲುತ್ತಿಲ್ಲ, ಹಾಯುವ ಹೊತ್ತು ಸರಿಯುತ್ತಿದೆ. ಹೊತ್ತು ಸರಿದರೆ ತಾಪಮಾನವೂ ಸರಿಯುತ್ತದೆ, ಅದನ್ನು ಹವೆಯ ಬದಲಾವಣೆ ಎಂದು ಓದುವ ಅಪಾಯವಿದೆ. ಈಚಿನ ವರ್ಷಗಳಿಗೆ 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಉಪಗ್ರಹದ ವಿಐಐಆರ್‌ಎಸ್ ಉಪಕರಣ ವಾಸಿ. ಅದು ಹಾಯುವುದೂ ಒಂದೂವರೆಯ ಸುಮಾರಿಗೇ. ಆದರೆ ಎರಡರ ಸಂಖ್ಯೆಗಳನ್ನು ನೇರವಾಗಿ ಒಂದೇ ಸಾಲಿಗೆ ಪೋಣಿಸಬೇಡಿ. ಎರಡೂ ಇದ್ದ ವರ್ಷಗಳಲ್ಲಿ ಎಷ್ಟು ವ್ಯತ್ಯಾಸ ಬರುತ್ತಿತ್ತು ಎಂದು ಮೊದಲು ನೋಡಿಕೊಳ್ಳಿ.

ನಡುವಿನ ದಾರಿ ಮತ್ತು ನಮ್ಮ ಇನ್‌ಸ್ಯಾಟ್

ರಾತ್ರಿಯೂ ಬೇಕು, ಸೂಕ್ಷ್ಮವೂ ಬೇಕು ಎನ್ನುವವರಿಗೆ ಇಕೋಸ್ಟ್ರೆಸ್ ಇದೆ. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ ಉಪಕರಣವಿದು, ಪಿಕ್ಸೆಲ್ ಸುಮಾರು 70 ಮೀಟರ್. ನಿಲ್ದಾಣ ಒಂದೇ ಹೊತ್ತಿಗೆ ಹಾಯುವುದಿಲ್ಲವಾದ್ದರಿಂದ ಒಮ್ಮೆ ಸಂಜೆ, ಒಮ್ಮೆ ನಡುರಾತ್ರಿ, ಒಮ್ಮೆ ನಸುಕಿನ ಚಿತ್ರ ಸಿಗುತ್ತದೆ. ದೀರ್ಘಕಾಲದ ಪ್ರವೃತ್ತಿ ಅಳೆಯಲು ಇದು ಒದಗುವುದಿಲ್ಲ. ಆದರೆ ಒಂದೇ ಒಂದು ಒಳ್ಳೆಯ ನಸುಕಿನ ಚಿತ್ರ ಸಿಕ್ಕರೂ ಊರಿನ ಯಾವ ಭಾಗ ರಾತ್ರಿಯಿಡೀ ಬಿಸಿ ಬಿಡದೆ ಕೂತಿದೆ ಎಂದು ತೋರಿಸುತ್ತದೆ. ಬಳಸುವ ಮುನ್ನ ಚಿತ್ರ ತನ್ನ ಜಾಗದಲ್ಲಿ ಕೂತಿದೆಯೇ ಎಂದು ನೋಡಲೇಬೇಕು, ಕೆಲವು ಪಿಕ್ಸೆಲ್‌ಗಳಷ್ಟು ಪಕ್ಕಕ್ಕೆ ಸರಿದಿರುವುದುಂಟು. ಇಲ್ಲಿ ಉಣಕಲ್ ಕೆರೆ ಮತ್ತು ಧಾರವಾಡದ ಕೆಲಗೇರಿ ಕೆರೆ ಉಪಕಾರಕ್ಕೆ ಬರುತ್ತವೆ. ರಾತ್ರಿ ಬೆಚ್ಚಗೆ ಹೊಳೆಯುವ ಅವುಗಳ ದಂಡೆಯನ್ನು ನಕಾಶೆಯ ದಂಡೆಗೆ ಹೊಂದಿಸಿ ಚಿತ್ರವನ್ನು ಸರಿಸಿಕೊಳ್ಳಬಹುದು.

ಇಸ್ರೋದ ಇನ್‌ಸ್ಯಾಟ್-3ಡಿಆರ್ ಮತ್ತು 3ಡಿಎಸ್ ಅರ್ಧ ಗಂಟೆಗೊಮ್ಮೆ ನೋಡುತ್ತವೆ, ದತ್ತಾಂಶ ಮೋಸ್‌ಡ್ಯಾಕ್ ತಾಣದಲ್ಲಿ ಸಿಗುತ್ತದೆ. ಶಾಖದ ಪಿಕ್ಸೆಲ್ ನಾಲ್ಕು ಕಿಲೋಮೀಟರ್. ಅವಳಿ ನಗರಕ್ಕೆ ಡಜನ್‌ನಷ್ಟು ಚೌಕಗಳು. ಹೊಲ ಎಷ್ಟು ಹೊತ್ತಿಗೆ ಕಾಯುತ್ತದೆ, ಎಷ್ಟು ಹೊತ್ತಿಗೆ ತಣಿಯುತ್ತದೆ ಎಂಬ ದಿನದ ಏರಿಳಿತವನ್ನು ತರಗತಿಯಲ್ಲಿ ತೋರಿಸಲು ಇದು ಅತ್ಯುತ್ತಮ. ಊರಿನ ಅಧ್ಯಯನಕ್ಕೆ ಸಾಲದು.

ಊರು ಬೆಳೆದದ್ದನ್ನು ಗುರುತಿಸಲು

ಶಾಖದ ಚಿತ್ರ ಅರ್ಧ ಕೆಲಸ. ಎಲ್ಲಿ ಹೊಲವಿತ್ತು, ಎಲ್ಲಿ ಈಗ ಬಡಾವಣೆ ಬಂದಿದೆ ಎಂಬುದು ಇನ್ನರ್ಧ. ಇದಕ್ಕೆ 2015ರಿಂದ ಹಾರುತ್ತಿರುವ ಯುರೋಪಿನ ಸೆಂಟಿನೆಲ್-2 ನನ್ನ ಮೊದಲ ಆಯ್ಕೆ. ಐದು ದಿನಕ್ಕೊಮ್ಮೆ, 10 ಮೀಟರ್ ಪಿಕ್ಸೆಲ್, ಅಂದರೆ ಒಂದು ಮೂವತ್ತು-ನಲವತ್ತರ ಸೈಟಿಗಿಂತ ತುಸು ಚಿಕ್ಕದು. ಇದರಲ್ಲಿ ಶಾಖದ ಪಟ್ಟಿ ಇಲ್ಲ ಎಂಬುದನ್ನು ಮರೆಯಬಾರದು. ಭಾರತದ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾ 5.8 ಮೀಟರ್‌ನಷ್ಟು ಸೂಕ್ಷ್ಮ, ಆದರೆ ಅಷ್ಟು ಪದೇ ಪದೇ ಸಿಗುವುದಿಲ್ಲ, ಕಟ್ಟಡ ಗುರುತಿಸಲು ನೆರವಾಗುವ ಕಿರುತರಂಗದ ಅತಿಗೆಂಪು ಪಟ್ಟಿಗಳೂ ಅದರಲ್ಲಿಲ್ಲ. 2015ಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಮತ್ತೆ ಲ್ಯಾಂಡ್‌ಸ್ಯಾಟ್‌ಗೇ ಮರಳಬೇಕು.

ಕಟ್ಟಡಗಳನ್ನು ಗುರುತಿಸುವ ಎನ್‌ಡಿಬಿಐ ಸೂಚ್ಯಂಕ ನಮ್ಮ ಎರೆಭೂಮಿಯಲ್ಲಿ ಬೇಸಿಗೆಗೆ ಕೈಕೊಡುತ್ತದೆ. ಬರಿದಾದ ಹೊಲವೂ ಸಿಮೆಂಟೂ ಅದರ ಕಣ್ಣಿಗೆ ಒಂದೇ ಥರ. ಏಪ್ರಿಲ್ ಚಿತ್ರಕ್ಕೆ ಅದನ್ನು ಹಚ್ಚಿದರೆ ಕುಂದಗೋಳದ ಹೊಲಗಳೆಲ್ಲ ಪಟ್ಟಣವಾಗಿಬಿಡುತ್ತವೆ. ಪರಿಹಾರ ಸುಲಭ: ಒಂದು ಚಿತ್ರಕ್ಕೆ ಬದಲು ಇಡೀ ವರ್ಷದ ಚಿತ್ರಗಳನ್ನು ತೆಗೆದುಕೊಂಡು ಪ್ರತಿ ಪಿಕ್ಸೆಲ್ ಆ ವರ್ಷದಲ್ಲಿ ಮುಟ್ಟಿದ ಅತಿ ಹೆಚ್ಚಿನ ಹಸಿರನ್ನು, ಅಂದರೆ ಎನ್‌ಡಿವಿಐನ ಗರಿಷ್ಠ ಬೆಲೆಯನ್ನು ನೋಡಿ. ಹೊಲ ಮುಂಗಾರಿಗೋ ಹಿಂಗಾರಿಗೋ ಒಮ್ಮೆಯಾದರೂ ಹಸಿರಾಗುತ್ತದೆ. ಮನೆ-ರಸ್ತೆ ವರ್ಷವಿಡೀ ಹಸಿರಾಗುವುದಿಲ್ಲ. ಕಲ್ಲುಗಣಿ, ಬಂಡೆ ನೆಲ ಮಾತ್ರ ಇದರಲ್ಲೂ ಊರಿನಂತೆ ಕಾಣಬಹುದು. ಅವನ್ನು ಕಣ್ಣಿನಿಂದ ನೋಡಿ ತೆಗೆಯಬೇಕು.

ಎಲ್ಲಿ ಹೊಲ, ಎಲ್ಲಿ ಕಟ್ಟಡ ಎಂದು ತೋರಿಸುವ ಸಿದ್ಧ ನಕಾಶೆಗಳಲ್ಲಿ ಯುರೋಪಿನ ವರ್ಲ್ಡ್‌ಕವರ್ ಚೆನ್ನಾಗಿದೆ. ಆದರೆ ಅದರ 2020 ಮತ್ತು 2021ರ ಆವೃತ್ತಿಗಳನ್ನು ಬೇರೆ ಬೇರೆ ವಿಧಾನದಲ್ಲಿ ಮಾಡಿದ್ದಾರೆ, ಒಂದರಿಂದ ಇನ್ನೊಂದನ್ನು ಕಳೆದು ನಗರ ಬೆಳವಣಿಗೆ ಎನ್ನುವಂತಿಲ್ಲ.

ಯಾವ ಹೊಲಕ್ಕೆ ಹೋಲಿಸಬೇಕು?

ಉಪಗ್ರಹದ ಆಯ್ಕೆಗಿಂತ ಹೆಚ್ಚು ಫಲಿತಾಂಶವನ್ನು ತಿರುಗಿಸುವುದು ಇದು, ವರದಿಗಳಲ್ಲಿ ಅತಿ ಕಡಿಮೆ ಚರ್ಚೆಯಾಗುವುದೂ ಇದೇ. ಅವಳಿ ನಗರ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿದೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ ಕಡೆ ಮಸಾರಿ ಮಣ್ಣು, ಭತ್ತ, ಕಾಡು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಮರವಿಲ್ಲದ ಎರೆ ಬಯಲು. ಪಶ್ಚಿಮದ ನೆಲವನ್ನು ಹಳ್ಳಿ ಎಂದು ಹಿಡಿದರೆ ಊರು ಬೇಸಿಗೆಯ ಹಗಲಿನಲ್ಲೂ ಬಿಸಿಯಾಗಿ ಕಾಣಬಹುದು, ಪೂರ್ವದ್ದನ್ನು ಹಿಡಿದರೆ ತಂಪಾಗಿ. ಊರಿನ ಸುತ್ತ ಸಮಾನ ದೂರದ ಉಂಗುರ ಎಳೆದು ಸರಾಸರಿ ತೆಗೆದರೆ ಎರಡೂ ಕಲಸಿಹೋಗಿ ಯಾವುದಕ್ಕೂ ಅರ್ಥ ಉಳಿಯುವುದಿಲ್ಲ.

ಪೂರ್ವ, ಪಶ್ಚಿಮಗಳಿಗೆ ಪ್ರತ್ಯೇಕ ಹೋಲಿಕೆ ಮಾಡಿ, ಎರಡನ್ನೂ ಬರೆಯಿರಿ. ಮಲಪ್ರಭಾ ಕಾಲುವೆಯ ನೀರು ಹರಿಯುವ ನವಲಗುಂದದ ಹೊಲಗಳನ್ನು ಮಳೆಯಾಶ್ರಿತ ಹೊಲಗಳ ಜೊತೆ ಬೆರೆಸಬೇಡಿ. ಎತ್ತರವನ್ನೂ ಗಮನಿಸಿ: ಧಾರವಾಡ ಹುಬ್ಬಳ್ಳಿಗಿಂತ ಸುಮಾರು ನೂರು ಮೀಟರ್ ಮೇಲಿದೆ. ಅಷ್ಟಕ್ಕೇ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ವ್ಯತ್ಯಾಸ ಸಹಜವಾಗಿ ಬರುತ್ತದೆ. ಆದ್ದರಿಂದ ಹುಬ್ಬಳ್ಳಿಯನ್ನು ಧಾರವಾಡಕ್ಕೆ ಹೋಲಿಸುವ ಬದಲು ಪ್ರತಿ ಊರನ್ನೂ ಅದರದೇ ಎತ್ತರದ ಸುತ್ತಲಿನ ನೆಲಕ್ಕೆ ಹೋಲಿಸಬೇಕು. ಇಸ್ರೋದ ಭುವನ್ ತಾಣದಲ್ಲಿ ಕಾರ್ಟೊಸ್ಯಾಟ್ ಉಪಗ್ರಹದಿಂದ ಮಾಡಿದ ಎತ್ತರದ ನಕಾಶೆ ಉಚಿತವಾಗಿ ಸಿಗುತ್ತದೆ. ಗದಗ-ಬೆಟಗೇರಿಯಲ್ಲಿ ಈ ಅಧ್ಯಯನ ಮಾಡುವವರಿಗೆ ಕಪ್ಪತಗುಡ್ಡದ ದಿಕ್ಕಿನಲ್ಲಿ ಇದೇ ತೊಡಕು ಎದುರಾಗುತ್ತದೆ.

ಸಲಕರಣೆ ಮತ್ತು ನೆಲದ ಸಾಕ್ಷಿ

ಹತ್ತಾರು ವರ್ಷಗಳ ಮೋಡಿಸ್ ರಾತ್ರಿಗಳನ್ನು ಒಂದೊಂದಾಗಿ ಇಳಿಸಿಕೊಳ್ಳುವುದು ಕಾಲೇಜಿನ ಇಂಟರ್ನೆಟ್‌ಗೂ ಹಳೆಯ ಲ್ಯಾಪ್‌ಟಾಪ್‌ಗೂ ಆಗದ ಮಾತು. ಅದಕ್ಕೆ ಗೂಗಲ್‌ನ ಕಂಪ್ಯೂಟರ್‌ಗಳಲ್ಲೇ ಲೆಕ್ಕ ಮಾಡಿಸುವ ಗೂಗಲ್ ಅರ್ಥ್ ಎಂಜಿನ್ ಬಳಸಿ, ವಾಣಿಜ್ಯೇತರ ಬಳಕೆಗೆ ನೋಂದಾಯಿಸಿದರೆ ಉಚಿತ. ತುಸು ಜಾವಾಸ್ಕ್ರಿಪ್ಟ್ ಅಥವಾ ಪೈಥಾನ್ ಕಲಿಯಬೇಕು. ಏಳೆಂಟು ಲ್ಯಾಂಡ್‌ಸ್ಯಾಟ್ ಚಿತ್ರಗಳ ಕೆಲಸವಾದರೆ ಕ್ಯೂಜಿಐಎಸ್ ಎಂಬ ನಕಾಶೆಯ ತಂತ್ರಾಂಶ ಸಾಕು, ಪಿಕ್ಸೆಲ್‌ಗಳನ್ನು ಕಣ್ಣಾರೆ ನೋಡಿ ಕಲಿಯಲು ಅದೇ ಮೇಲು.

ಒಂದೇ ಸೆಮಿಸ್ಟರ್ ಸಮಯವಿದ್ದರೆ ನಾನು ಸೂಚಿಸುವ ಜೋಡಿ ಇದು: ಊರಿನ ಗಡಿಗೆ ಸೆಂಟಿನೆಲ್-2, ಬಿಸಿಗೆ ಅಕ್ವಾದ ಚಳಿಗಾಲದ ರಾತ್ರಿಗಳು. ವರ್ಷವಿಡೀ ಸಮಯವಿದ್ದರೆ ಊರಿನ ಒಳನೋಟಕ್ಕೆ ಲ್ಯಾಂಡ್‌ಸ್ಯಾಟ್ ಸೇರಿಸಿ. ಎರಡರಲ್ಲೂ ಗಾಳಿಯ ತಾಪಮಾನದ ಸಾಕ್ಷಿ ಇರಲೇಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹವಾಮಾನ ವೀಕ್ಷಣಾಲಯವಿದೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಆ ದಾಖಲೆಗಳಲ್ಲಿ ಮೊದಲು ನೋಡಬೇಕಾದದ್ದು ದಿನದ ಕನಿಷ್ಠ ತಾಪಮಾನ, ಏಕೆಂದರೆ ರಾತ್ರಿಯ ಕಥೆ ಇರುವುದು ಅದರಲ್ಲೇ. ವಿಶ್ವವಿದ್ಯಾಲಯದ ವೀಕ್ಷಣಾಲಯ ಇರುವುದು ಬಯಲಾದ ಹಸಿರು ಆವರಣದಲ್ಲಿ. ಅದನ್ನು ಧಾರವಾಡ ಪೇಟೆಯ ತಾಪಮಾನ ಎಂದು ಹಿಡಿಯದೆ, ಊರಿಗೆ ಹೋಲಿಸುವ ತಂಪಿನ ತುದಿ ಎಂದು ಹಿಡಿಯಿರಿ. ಬಿಸಿಯ ತುದಿಗೆ ಹಳೆಯ ಪೇಟೆಯ ಒಂದು ಓಣಿಯಲ್ಲಿ, ಗೋಡೆಯಿಂದ ಒಂದಡಿ ಆಚೆ, ಆಳೆತ್ತರದಲ್ಲಿ, ನೇರ ಬಿಸಿಲು ಬೀಳದ ಹಾಗೆ ಬಿಳಿ ಮುಚ್ಚಳದೊಳಗೆ ತಾನೇ ದಾಖಲಿಸುವ ಅಗ್ಗದ ತಾಪಮಾಪಕ ಒಂದನ್ನು ತೂಗುಹಾಕಿ, ಜನವರಿಯ ರಾತ್ರಿಗಳಲ್ಲಿ ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಲು ಬಿಡಿ. ಎರಡು ಗಂಟೆಯ ಅಂಕಿಯನ್ನು ಅದೇ ರಾತ್ರಿಯ ವಿಐಐಆರ್‌ಎಸ್ ಪಿಕ್ಸೆಲ್‌ನ ಎದುರು ಬರೆಯುತ್ತಾ ಹೋಗಿ.